ಕಾಡಿಗೂ ಬೆಟ್ಟಕ್ಕೂ ಒಂದೇ ಕ್ಯಾಮೆರಾ ಸಾಕಾ?

ದೃಶ್ಯ: ತೆರೆ ತುಂಬ ಮಬ್ಬಾದ, ಅಲುಗಾಡಿದ ಒಂದು ಫೋಟೋ.

ಈ ಫೋಟೋದಲ್ಲಿ ಒಂದು ಚಿರತೆ ಇದೆ. ತಮಾಷೆ ಅಲ್ಲ, ಇದೆ. ನಡುವೆ ಮತ್ತಿ ಮರದ ಕೊಂಬೆ ಕಾಣುತ್ತದಲ್ಲ, ಅದರ ಮೇಲಿನ ಹಳದಿ ಕಲೆಯೇ ಚಿರತೆ. ಕಬಿನಿಯಲ್ಲಿ ಸಂಜೆ ಆರರ ಹೊತ್ತಿಗೆ ತೆಗೆದದ್ದು. ಹೊಸ ಕ್ಯಾಮೆರಾ ತಗೊಂಡು ಮೂರು ವಾರ ಆಗಿತ್ತು. ಬಾಡಿ, ಅಂದರೆ ಲೆನ್ಸ್ ಇಲ್ಲದ ಬರೀ ಕ್ಯಾಮೆರಾ, ಅದರ ಜೊತೆ ಎರಡು ಲೆನ್ಸ್ ಬರುವ ಆಫರ್. ಒಂದು 18-55 ಎಂಎಂ, ಅಗಲ ನೋಟಕ್ಕೆ. ಇನ್ನೊಂದು 70-300, ದೂರದ್ದನ್ನು ಹತ್ತಿರ ತರಲು. ಮೇಲೆ 24 ಮೆಗಾಪಿಕ್ಸೆಲ್. ಇನ್ನೇನು ಬೇಕು ಅಂದುಕೊಂಡಿದ್ದೆ. ಚಿರತೆ ಪಾಪ ಹತ್ತು ನಿಮಿಷ ಅಲ್ಲೇ ಮಲಗಿತ್ತು. ನಾನು ತೆಗೆದ ಇನ್ನೂರು ಫೋಟೋಗಳೂ ಹೀಗೇ ಬಂದವು.

ದೃಶ್ಯ: ಹಿನ್ನೀರಿನ ಮೇಲೆ ಬೆಳಗಿನ ಮಂಜು, ನೀರಲ್ಲಿ ನಿಂತ ಒಣ ಮರದ ಬೊಡ್ಡೆಗಳು.

ಇದು ಮಾರನೇ ದಿನ ಬೆಳಿಗ್ಗೆಯದು. ಅದೇ ಕ್ಯಾಮೆರಾ, ಆಫರ್‌ನಲ್ಲಿ ಬಂದ ಅದೇ 18-55 ಲೆನ್ಸ್. ಇದಕ್ಕೆ ಕಟ್ಟು ಹಾಕಿಸಿ ಮನೆಯ ಹಾಲ್‌ನಲ್ಲಿ ತೂಗುಹಾಕಿದ್ದೇನೆ. ಬಂದವರು ಯಾವ ದೊಡ್ಡ ಕ್ಯಾಮೆರಾ ಎಂದು ಕೇಳುತ್ತಾರೆ. ನಾನು ಸುಮ್ನೆ ನಗುತ್ತೇನೆ.

ನಮಸ್ಕಾರ. ಕಾಡಿಗೂ ಹೋಗುತ್ತೇನೆ, ಬೆಟ್ಟಕ್ಕೂ ಹೋಗುತ್ತೇನೆ, ಎರಡಕ್ಕೂ ಆಗುವ ಕ್ಯಾಮೆರಾ ಹೇಳಿ ಎಂದು ಕೇಳುವವರಿಗೆ ನನ್ನ ಉತ್ತರ ಈ ಎರಡು ಫೋಟೋಗಳಲ್ಲೇ ಇದೆ. ಲ್ಯಾಂಡ್‌ಸ್ಕೇಪ್‌ಗೆ ಈಗ ಮಾರುಕಟ್ಟೆಯಲ್ಲಿರುವ ಯಾವ ಕ್ಯಾಮೆರಾ ಆದರೂ ಬಹುತೇಕ ನಡೆಯುತ್ತದೆ. ದುಡ್ಡು ಕೇಳುವುದು ಪ್ರಾಣಿ, ಪಕ್ಷಿ. ಆ ದುಡ್ಡೂ ಹೋಗಬೇಕಾದದ್ದು ಬಾಡಿಗಲ್ಲ, ಲೆನ್ಸ್‌ಗೆ.

ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ.

ರಂಗನತಿಟ್ಟಿನಲ್ಲಿ ದೋಣಿ ಮೇಲೆ ಕೂತಿದ್ದೀರಿ. 20 ಮೀಟರ್ ದೂರದ ಕೊಂಬೆ ಮೇಲೆ ಪುಟ್ಟ ನೀಲಿ ಮಿಂಚುಳ್ಳಿ. ಉದ್ದ ಸುಮಾರು 16 ಸೆಂಟಿಮೀಟರ್. ನಿಮ್ಮ ಕೈಯಲ್ಲಿ 400 ಎಂಎಂ ಲೆನ್ಸ್ ಇದೆ. ಆಗ ಸೆನ್ಸರ್ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್) ಮೇಲೆ ಬೀಳುವ ಹಕ್ಕಿಯ ಬಿಂಬ ಬರೀ 3.2 ಮಿಲಿಮೀಟರ್. ಒಂದು ಕೊತ್ತಂಬರಿ ಬೀಜದಷ್ಟು. ಕ್ಯಾಮೆರಾ ಒಂದು ಲಕ್ಷದ್ದಾಗಲಿ, ನಾಲ್ಕು ಲಕ್ಷದ್ದಾಗಲಿ, ಬೀಜದ ಗಾತ್ರ ಬದಲಾಗುವುದಿಲ್ಲ. ಅದನ್ನು ತೀರ್ಮಾನಿಸುವುದು ಲೆನ್ಸ್. ಆ ಬೀಜದ ಮೇಲೆ ಎಷ್ಟು ಪಿಕ್ಸೆಲ್ ಕೂರುತ್ತವೆ ಎನ್ನುವುದಷ್ಟೇ ಬಾಡಿಯ ಕೈಯಲ್ಲಿದೆ.

ತೆರೆಯ ಮೇಲೆ:
24 ಮೆಗಾಪಿಕ್ಸೆಲ್ ಫುಲ್ ಫ್ರೇಮ್: ಹಕ್ಕಿಯ ಉದ್ದ ಸುಮಾರು 530 ಪಿಕ್ಸೆಲ್
45 ಮೆಗಾಪಿಕ್ಸೆಲ್ ಫುಲ್ ಫ್ರೇಮ್: ಸುಮಾರು 730
24 ಮೆಗಾಪಿಕ್ಸೆಲ್ ಕ್ರಾಪ್ ಸೆನ್ಸರ್: ಸುಮಾರು 815
ಕ್ಯಾನನ್ ಆರ್7, 32.5 ಮೆಗಾಪಿಕ್ಸೆಲ್ ಕ್ರಾಪ್ ಸೆನ್ಸರ್: ಸುಮಾರು 1,000

ನೋಡಿದಿರಾ? ಫುಲ್ ಫ್ರೇಮ್ ಸೆನ್ಸರ್ 36 ಮಿಲಿಮೀಟರ್ ಅಗಲ. ಕ್ರಾಪ್ ಸೆನ್ಸರ್ 22ರಿಂದ 24 ಮಿಲಿಮೀಟರ್. ಕೊತ್ತಂಬರಿ ಬೀಜವನ್ನು ಊಟದ ತಟ್ಟೆಯಲ್ಲಿಟ್ಟರೆ ಎಲ್ಲೋ ಕಳೆದುಹೋಗುತ್ತದೆ. ಬಟ್ಟಲಲ್ಲಿಟ್ಟರೆ ಕಾಣುತ್ತದೆ. ‘ಪ್ರೊ ಆಗಬೇಕಾದರೆ ಫುಲ್ ಫ್ರೇಮ್ ತಗೋ’ ಎಂದು ಹೇಳುವ ಗೆಳೆಯರು ಎಲ್ಲರಿಗೂ ಇರುತ್ತಾರೆ. ಅವರ ಹತ್ತಿರ 600 ಎಂಎಂ ಲೆನ್ಸ್ ಕೂಡ ಇದೆಯಾ ಕೇಳಿ. ಇದ್ದರೆ ಅವರು ಹೇಳುವುದು ಸರಿ. ಇಲ್ಲದಿದ್ದರೆ ಕ್ರಾಪ್ ಸೆನ್ಸರ್ ಬಾಡಿಯೇ ನಿಮಗೆ ಜಾಣ ಆಯ್ಕೆ.

ಇನ್ನು ಬೆಳಕು. ನನ್ನ ಚಿರತೆ ಕೈತಪ್ಪಿದ್ದೇ ಇಲ್ಲಿ.

ದೃಶ್ಯ: ಮಳೆಯಲ್ಲಿ ಅಂಗಳದಲ್ಲಿಟ್ಟ ಒಂದು ಚೊಂಬು, ಪಕ್ಕದಲ್ಲಿ ಒಂದು ಬೋಗುಣಿ.

ಮಳೆ ಎರಡರ ಮೇಲೂ ಒಂದೇ ಥರ ಬೀಳುತ್ತದೆ. ಜಾಸ್ತಿ ನೀರು ಹಿಡಿಯುವುದು ಬಾಯಿ ಅಗಲ ಇರುವುದು. ಲೆನ್ಸ್ ಕೂಡ ಹಾಗೇ. ಅದರ ಬಾಯಿ ಎಷ್ಟು ಅಗಲ ಎಂದು ತಿಳಿಯಲು ಒಂದು ಸುಲಭ ದಾರಿ ಇದೆ. ಲೆನ್ಸ್ ಮೇಲೆ ಬರೆದಿರುವ ಎಂಎಂ ಸಂಖ್ಯೆಯನ್ನು ಎಫ್ ಸಂಖ್ಯೆಯಿಂದ ಭಾಗಿಸಿ. ನನ್ನ 300 ಎಂಎಂ, ಎಫ್ 6.3 ಲೆನ್ಸ್: 48 ಮಿಲಿಮೀಟರ್. ಸೋನಿ 200-600, ನಿಕಾನ್ 180-600, ಸಿಗ್ಮಾ ಮತ್ತು ಟ್ಯಾಮ್ರಾನ್ 150-600 ಇವೆಲ್ಲ 600ರಲ್ಲಿ ಎಫ್ 6.3. ಅಂದರೆ 95 ಮಿಲಿಮೀಟರ್. ಬಾಯಿ ಎರಡರಷ್ಟು ಅಗಲವಾದರೆ ಚಿರತೆಯ ಮೈಯಿಂದ ಬರುವ ಬೆಳಕು ನಾಲ್ಕರಷ್ಟು ಸಿಗುತ್ತದೆ. ಕ್ಯಾನನ್ನಿನ 600 ಎಂಎಂ ಎಫ್ 11 ಹಗುರ, ಬೆಲೆಯೂ ಕಡಿಮೆ. ಆದರೆ ಬಾಯಿ 55 ಮಿಲಿಮೀಟರ್ ಮಾತ್ರ. ಬಿಸಿಲಿದ್ದಾಗ ಚೆನ್ನ, ಕತ್ತಲಾಗುತ್ತಾ ಬಂದರೆ ಕಷ್ಟ. ಸಫಾರಿಯಲ್ಲಿ ಕೆಲವರು ಮಗು ಥರ ತೊಡೆ ಮೇಲೆ ಕೂರಿಸಿಕೊಂಡು ಬರುತ್ತಾರಲ್ಲ, 600 ಎಂಎಂ ಎಫ್ 4, ಅದರ ಬಾಯಿ 150 ಮಿಲಿಮೀಟರ್. ಬೆಲೆ ಹತ್ತು ಲಕ್ಷ ದಾಟುತ್ತದೆ. ಅದರ ಸುದ್ದಿ ನಮಗೆ ಬೇಡ.

ಆದರೆ ಆ ಸಂಜೆ ನನ್ನ ತಪ್ಪೂ ಇತ್ತು. ಐಎಸ್‌ಒ (ಕಡಿಮೆ ಬೆಳಕಲ್ಲೂ ಫೋಟೋ ಬೆಳ್ಳಗೆ ಬರಲು ಏರಿಸುವ ಸಂಖ್ಯೆ) ಏರಿಸಿದರೆ ಫೋಟೋ ಹಾಳು ಎಂದು ಯಾರೋ ಹೇಳಿದ್ದನ್ನು ನಂಬಿ 800ಕ್ಕೇ ಇಟ್ಟಿದ್ದೆ. ಹಾಗಾಗಿ ಶಟರ್, ಅಂದರೆ ಬೆಳಕು ಒಳಗೆ ಬಿಡುವ ಬಾಗಿಲು, 1/30 ಸೆಕೆಂಡಿನಷ್ಟು ಹೊತ್ತು ತೆರೆದಿರುತ್ತಿತ್ತು. ಜೀಪಿನಲ್ಲಿ ಎಂಟು ಜನ ಉಸಿರಾಡುತ್ತಾ ಕೂತಿರುವಾಗ, 300 ಎಂಎಂನಲ್ಲಿ 1/30ಕ್ಕೆ ದೇವರೇ ಬಂದರೂ ಫೋಟೋ ನೆಟ್ಟಗೆ ಬರುವುದಿಲ್ಲ. ಈಗ ನಾನು ಅಂಥ ಹೊತ್ತಲ್ಲಿ 6400ಕ್ಕೆ ಏರಿಸುತ್ತೇನೆ. ರಾ ಫೈಲ್‌ನಲ್ಲಿ, ಅಂದರೆ ಕ್ಯಾಮೆರಾ ತಿದ್ದದ ಮೂಲ ರೂಪದಲ್ಲಿ, ತೆಗೆದು ಲೈಟ್‌ರೂಮ್ ಸಾಫ್ಟ್‌ವೇರ್‌ನ ಡಿನಾಯ್ಸ್ ಹಾಕಿದರೆ ನಾಯ್ಸ್, ಅಂದರೆ ಐಎಸ್‌ಒ ಏರಿಸಿದಾಗ ಬರುವ ಕಾಳುಕಾಳು, ಬಹಳಷ್ಟು ಹೋಗುತ್ತದೆ. ಅಲುಗಾಡಿದ್ದನ್ನು ಮಾತ್ರ ಯಾವ ಸಾಫ್ಟ್‌ವೇರ್ ಕೂಡ ಪೂರ್ತಿ ಸರಿ ಮಾಡುವುದಿಲ್ಲ. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್, ಸಂಡೂರಿನ ಎಂ. ವೈ. ಘೋರ್ಪಡೆ ಅವರೆಲ್ಲ ಫಿಲಂನಲ್ಲಿ ಕಾಡಿನ ಫೋಟೋ ತೆಗೆದವರು. ರೋಲ್ ಹಾಕಿದ ಮೇಲೆ 36 ಫೋಟೋ ಮುಗಿಯುವವರೆಗೆ ಅದೇ ಐಎಸ್‌ಒ. ನಮಗೆ ಒಂದು ಚಕ್ರ ತಿರುಗಿಸಿದರೆ ಸಾಕು. ಅದಕ್ಕೂ ಹೆದರುತ್ತೇವೆ!

ಸರಿ, ಬಾಡಿ ವಿಷಯಕ್ಕೆ ಬರೋಣ. ಹೊಸದು ತಗೊಳ್ಳುವವರು ಮಿರರ್‌ಲೆಸ್‌ಗೇ, ಅಂದರೆ ಒಳಗೆ ಕನ್ನಡಿ ಇಲ್ಲದ ಹೊಸ ಥರದ ಕ್ಯಾಮೆರಾಗೇ ಹೋಗಿ. ಕಾರಣ ಒಂದೇ: ಪ್ರಾಣಿ, ಪಕ್ಷಿಗಳ ಕಣ್ಣನ್ನು ತಾನಾಗಿ ಹುಡುಕಿ ಹಿಡಿಯುವ ಫೋಕಸ್. ಹಾರುವ ಹಕ್ಕಿಗೆ ಇದು ವರ. ಹುಲ್ಲಿನ ಹಿಂದೆ ಹುಲಿ ಇದ್ದರೆ ಮಾತ್ರ ಎಷ್ಟೋ ಸಲ ಹುಲ್ಲನ್ನೇ ಹಿಡಿದು ಕೂರುತ್ತದೆ. ಆಗ ಒಂದೇ ಪಾಯಿಂಟ್‌ನ ಫೋಕಸ್‌ಗೆ ಥಟ್ಟನೆ ಬದಲಾಯಿಸಲು ಬರಬೇಕು. ಆ ಬಟನ್ ಎಲ್ಲಿದೆ ಎಂದು ಮನೆಯಲ್ಲೇ ಬೆರಳಿಗೆ ಅಭ್ಯಾಸ ಮಾಡಿಸಿ. ಕ್ಯಾನನ್ ಆರ್7 2022ರಲ್ಲಿ ಬಂದದ್ದು. ಕ್ರಾಪ್ ಸೆನ್ಸರ್, ಬಾಡಿಯೊಳಗೇ ಅಲುಗಾಟ ತಡೆಯುವ ವ್ಯವಸ್ಥೆ, ಮೆಕ್ಯಾನಿಕಲ್ ಶಟರ್‌ನಲ್ಲಿ ಸೆಕೆಂಡಿಗೆ 15 ಫೋಟೋ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ 30 ಎಂದು ಬರೆದಿರುವುದನ್ನು ನೋಡಿ ಮರುಳಾಗಬೇಡಿ. ಈ ಬೆಲೆಯ ಬಹುತೇಕ ಕ್ಯಾಮೆರಾಗಳಲ್ಲಿ ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಬಡಿಯುವ ರೆಕ್ಕೆ ಸೊಟ್ಟಗೆ ಬರುತ್ತದೆ.

ಬಜೆಟ್ ಕಡಿಮೆ ಇದ್ದರೆ ಸೆಕೆಂಡ್‌ಹ್ಯಾಂಡ್‌ನಲ್ಲಿ ನಿಕಾನ್ ಡಿ500 ಹುಡುಕಿ. 2016ರ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಹಳೇ ಥರದ ಕ್ಯಾಮೆರಾ), 2022ರಲ್ಲಿ ನಿಂತುಹೋಯಿತು. ಸೆಕೆಂಡಿಗೆ 10 ಫೋಟೋ, ಗಟ್ಟಿ ಮೈ. 200-500 ಎಫ್ 5.6 ಲೆನ್ಸ್ ಜೊತೆ ಸೇರಿದರೆ ಇವತ್ತಿಗೂ ಕಬಿನಿಯಲ್ಲಿ ಯಾರಿಗೂ ಕಡಿಮೆ ಇಲ್ಲ. ಶಟರ್ 2 ಲಕ್ಷ ಫೋಟೋವರೆಗೆ ಬಾಳುತ್ತದೆ ಎಂದು ಕಂಪನಿ ಹೇಳುತ್ತದೆ, ಈವರೆಗೆ ಎಷ್ಟಾಗಿದೆ ಎಂದು ನೋಡಿ ತಗೊಳ್ಳಿ.

ನಿಕಾನ್ ಪಿ1000 ಥರದ, ಲೆನ್ಸ್ ಬದಲಾಯಿಸಲಾಗದ ಸೂಪರ್‌ಜೂಮ್ ಬಗ್ಗೆಯೂ ಕೇಳುತ್ತೀರಿ. 24ರಿಂದ 3,000 ಎಂಎಂಗೆ ಸಮನಾದ ಜೂಮ್. ನಮ್ಮ ಮಿಂಚುಳ್ಳಿ ಫ್ರೇಮ್‌ನ ಮುಕ್ಕಾಲು ಭಾಗಕ್ಕೆ ಹತ್ತಿರ ತುಂಬಿಕೊಳ್ಳುತ್ತದೆ! ಬಿಸಿಲಲ್ಲಿ ಕೂತ ಹಕ್ಕಿಯನ್ನು ಗುರುತಿಸಲು, ದಾಖಲೆಗೆ, ಇದಕ್ಕಿಂತ ಕಡಿಮೆ ಖರ್ಚಿನ ದಾರಿ ಇಲ್ಲ. ಹಾರುವ ಹಕ್ಕಿಯನ್ನು ಇದರಲ್ಲಿ ಹಿಂಬಾಲಿಸುವುದು ತಲೆನೋವು. ಸೆನ್ಸರ್ ತೀರಾ ಚಿಕ್ಕದಾದ್ದರಿಂದ ಬೆಟ್ಟ, ಆಕಾಶಗಳ ಫೋಟೋಕ್ಕೂ ಅಷ್ಟಕ್ಕಷ್ಟೆ.

ದೃಶ್ಯ: ಹಳೇ ಜೀನ್ಸ್ ಪ್ಯಾಂಟಿನ ಕಾಲನ್ನು ಕತ್ತರಿಸುತ್ತಿರುವುದು.

ಇದು ನನ್ನ ಬ್ಯಾಗಿನ ಅತಿ ಅಗ್ಗದ ವಸ್ತು. ಜೀಪಿನಲ್ಲಿ ಟ್ರೈಪಾಡ್ ಬಿಚ್ಚಲು ಜಾಗ ಇರುವುದಿಲ್ಲ. ಹಳೇ ಪ್ಯಾಂಟಿನ ಕಾಲಿಗೆ ಎರಡು ಕೆಜಿ ಅಕ್ಕಿ ತುಂಬಿ ಎರಡೂ ಬದಿ ಹೊಲಿಯಿರಿ. ಜೀಪಿನ ಕಂಬಿ ಮೇಲೆ ಹಾಕಿ, ಅದರ ಮೇಲೆ ಲೆನ್ಸ್ ಕೂರಿಸಿ. ಡ್ರೈವರಣ್ಣನಿಗೆ ಇಂಜಿನ್ ಆಫ್ ಮಾಡಲು ಹೇಳಿ. ಶಟರ್ ನಡೆಯುವ ಪ್ರಾಣಿಗೆ 1/500 ಸೆಕೆಂಡ್, ಹಾರುವ ಹಕ್ಕಿಗೆ 1/2000. ಇಲ್ಲಿಂದ ಶುರು ಮಾಡಿ.

ದರೋಜಿ ಕರಡಿಧಾಮಕ್ಕೆ ಹೋಗುವವರಿಗೆ ಒಂದು ಮಾತು. ವೀಕ್ಷಣಾ ಗೋಪುರದಿಂದ ಕರಡಿಗಳು ಬಂಡೆ ಇಳಿದು ಬರುವ ಜಾಗ ದೂರ ಇದೆ. ಮಧ್ಯಾಹ್ನದ ಬಂಡೆ ಕಾದಿರುತ್ತದೆ, ಅದರ ಮೇಲಿನ ಗಾಳಿ ನೀರಿನಂತೆ ಕುಣಿಯುತ್ತದೆ. ಫೋಟೋ ಮಸುಕಾದರೆ ಲೆನ್ಸನ್ನು ಬೈಯಬೇಡಿ. ಸೂರ್ಯ ಇಳಿಯುವವರೆಗೆ ಕಾಯಿರಿ. ಇನ್ನೊಂದು, ಫ್ರೇಮ್‌ನಲ್ಲಿ ಕಪ್ಪು ಕರಡಿಯೇ ದೊಡ್ಡದಾಗಿದ್ದರೆ ಕ್ಯಾಮೆರಾ ‘ಕತ್ತಲೆ ಇದೆ’ ಎಂದು ತಿಳಿದು ಬಂಡೆಯನ್ನೆಲ್ಲ ಬೆಳ್ಳಗೆ ಮಾಡಿಬಿಡುತ್ತದೆ. ಎಕ್ಸ್‌ಪೋಷರ್ ಸ್ವಲ್ಪ ಇಳಿಸಿಕೊಳ್ಳಿ.

ಈಗ ಬೆಟ್ಟಕ್ಕೆ. ಇಲ್ಲಿ ಎಲ್ಲವೂ ಉಲ್ಟಾ. ಬೆಟ್ಟ ಓಡಿಹೋಗುವುದಿಲ್ಲ. ಹಾಗಾಗಿ ಐಎಸ್‌ಒ 100, ಎಫ್ 8, ಟ್ರೈಪಾಡ್, ಎರಡು ಸೆಕೆಂಡ್ ಟೈಮರ್. ಶಟರ್ ಎಷ್ಟು ಹೊತ್ತು ತೆರೆದರೂ ಚಿಂತೆ ಇಲ್ಲ. ಹಂಪಿಯಲ್ಲಿ ಕತ್ತಲಲ್ಲೇ ಮಾತಂಗ ಬೆಟ್ಟ ಹತ್ತಿ ಕೂತಿದ್ದೀರಿ ಅಂದುಕೊಳ್ಳಿ. ಸೂರ್ಯ ಬಂದ. ಆಕಾಶ ಉರಿಯುತ್ತಿದೆ, ಕೆಳಗೆ ಅಚ್ಯುತರಾಯ ದೇವಾಲಯ ಇನ್ನೂ ನೆರಳಲ್ಲಿದೆ. ಎರಡನ್ನೂ ಒಂದೇ ಫೋಟೋದಲ್ಲಿ ಹಿಡಿಯುವುದರಲ್ಲಿ ಫುಲ್ ಫ್ರೇಮ್ ಒಂದು ಹೆಜ್ಜೆ ಮುಂದಿದೆ, ನಿಜ. ಆದರೆ ಟ್ರೈಪಾಡ್ ಮೇಲೆ ಕಪ್ಪಗೊಂದು, ನಡುವಿನದೊಂದು, ಬೆಳ್ಳಗೊಂದು, ಹೀಗೆ ಮೂರು ತೆಗೆದು ಆಮೇಲೆ ಸೇರಿಸಿದರೆ 18-55 ಲೆನ್ಸ್‌ನ ಹಳೇ ಕ್ಯಾಮೆರಾ ಕೂಡ ಅದೇ ಕೆಲಸ ಮಾಡುತ್ತದೆ. ಅಲ್ವಾ? ಉಳಿದ ದುಡ್ಡಲ್ಲಿ ಒಳ್ಳೇ ಟ್ರೈಪಾಡ್ ಕೊಳ್ಳಿ, ಜೊತೆಗೊಂದು ಪೋಲರೈಸರ್ ಫಿಲ್ಟರ್. ಮಲೆನಾಡಿನ ಮಳೆಯಲ್ಲಿ ಒದ್ದೆ ಎಲೆಗಳ ಬಿಳಿ ಹೊಳಪನ್ನು ಅದು ತೆಗೆದುಹಾಕಿದಾಗ ಹಸಿರು ಹೇಗೆ ಎದ್ದು ಬರುತ್ತದೆ ನೋಡಿ. ಈ ಕೆಲಸವನ್ನು ಎಡಿಟಿಂಗ್‌ನಲ್ಲಿ ಮಾಡಲು ಬರುವುದಿಲ್ಲ.

ದೃಶ್ಯ: ಒಂದರ ಹಿಂದೊಂದು ನೀಲಿ ಬೆಟ್ಟಸಾಲು.

ಇದು ಕುದುರೆಮುಖ. ಇದಕ್ಕೆ ವೈಡ್ ಲೆನ್ಸ್ ಬಳಸಿಲ್ಲ. 200 ಎಂಎಂನಲ್ಲಿ ತೆಗೆದದ್ದು. ಘಟ್ಟದ ಸಾಲುಗಳನ್ನು ವೈಡ್ ಲೆನ್ಸ್ ಗೆರೆಯಷ್ಟು ಸಣ್ಣ ಮಾಡಿಬಿಡುತ್ತದೆ. ಉದ್ದ ಲೆನ್ಸ್ ಅವನ್ನು ಹತ್ತಿರ ತಂದು ಪೇರಿಸಿಡುತ್ತದೆ. ಅದಕ್ಕೇ 100-400 ಅಳತೆಯ ಲೆನ್ಸ್ ಮೇಲೆ ನನಗೆ ಪ್ರೀತಿ. ಕ್ಯಾನನ್ನಿನ ಆರ್‌ಎಫ್ 100-400 ಬರೀ 635 ಗ್ರಾಂ. ಸೋನಿ 200-600 ಎರಡು ಕೆಜಿ ದಾಟುತ್ತದೆ. ಕಾಲಿಗೆ ಇಂಬಳ ಹತ್ತಿಸಿಕೊಂಡು ಏರುವಾಗ ಆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ನೀವು ಸಫಾರಿಗಿಂತ ಚಾರಣಕ್ಕೇ ಜಾಸ್ತಿ ಹೋಗುವವರಾದರೆ ಬಾಯಿ ಸಣ್ಣದಾದರೂ ಹಗುರ ಲೆನ್ಸ್ ತಗೊಳ್ಳಿ. ಮನೆಯಲ್ಲೇ ಉಳಿದ ದೊಡ್ಡ ಲೆನ್ಸ್ ಫೋಟೋ ತೆಗೆಯುವುದಿಲ್ಲ.

ಕೊಳ್ಳುವ ಮೊದಲು ಬಾಡಿಗೆಗೆ ತನ್ನಿ. ಬೆಂಗಳೂರಿನಲ್ಲಿ ದಿನದ ಲೆಕ್ಕದಲ್ಲಿ ಲೆನ್ಸ್ ಸಿಗುತ್ತದೆ. ರಂಗನತಿಟ್ಟಿಗೆ ಒಂದು ದಿನ ಹೋಗಿ ಬನ್ನಿ. ಮನೆಗೆ ಬಂದು ಪ್ರತಿ ಫೋಟೋದ ಮಾಹಿತಿ ತೆರೆದು, ಎಷ್ಟು ಎಂಎಂನಲ್ಲಿ ತೆಗೆದಿರಿ, ಐಎಸ್‌ಒ ಎಷ್ಟಿತ್ತು ಎಂದು ಬರೆದುಕೊಳ್ಳಿ. ಅಂಗಡಿಯವರಿಗಿಂತ ಚೆನ್ನಾಗಿ ಆ ಚೀಟಿ ನಿಮಗೆ ಯಾವ ಲೆನ್ಸ್ ಬೇಕೆಂದು ಹೇಳುತ್ತದೆ. ಹಾಂ, ಕೆಲವು ಕಡೆ ಕ್ಯಾಮೆರಾ ಶುಲ್ಕ ಲೆನ್ಸ್ ಉದ್ದದ ಮೇಲೆ ಏರುತ್ತದೆ. ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಸೆಕೆಂಡ್‌ಹ್ಯಾಂಡ್ ಲೆನ್ಸ್ ಆದರೆ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಒಳಗೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ನಮ್ಮದು ತೀರ್ಥಹಳ್ಳಿ ಕಡೆ. ಒಂದು ಮಳೆಗಾಲ ಪೂರ್ತಿ ಆ 70-300 ಲೆನ್ಸನ್ನು ಬಟ್ಟೆ ಬ್ಯಾಗಿನಲ್ಲಿ, ಬೀರುವಿನೊಳಗೆ ಇಟ್ಟಿದ್ದೆ. ದೀಪಾವಳಿಗೆ ತೆಗೆದು ನೋಡಿದರೆ ಗಾಜಿನೊಳಗೆ ಬೂಷ್ಟಿನ ರಂಗೋಲಿ. ಈಗ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಒಂದು ಪುಟ್ಟ ಮೀಟರ್. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇದ್ದರೆ ನಿಶ್ಚಿಂತೆ.

ದೃಶ್ಯ: ಲೆನ್ಸ್‌ಗಳಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ.

ಡಬ್ಬಿ ಎಲ್ಲಿ ಸಿಕ್ಕಿತು ಎಂದು ಕೇಳಬೇಡಿ. ಅಮ್ಮ ಹಲಸಿನ ಹಪ್ಪಳ ತುಂಬಿಡುತ್ತಿದ್ದದ್ದು. ಎಲ್ಲಿ ಹೋಯಿತು ಎಂದು ಅವರು ಇನ್ನೂ ಹುಡುಕುತ್ತಿದ್ದಾರೆ.