ಡಾಟ್ 3 ಇರಲಿ ಡಾಟ್ 4 ಇರಲಿ, ಹಾಕಿಸಿದ್ದು ಯಾವಾಗ?

ನಮಸ್ಕಾರ. ಹಳೇ ಮಾರುತಿ 800, ಆಲ್ಟೊ, ಸ್ಯಾಂಟ್ರೊ ಇಟ್ಟುಕೊಂಡವರು ಬ್ರೇಕ್ ಆಯಿಲ್ ಬಗ್ಗೆ ಮಾತು ಬಂದರೆ ಮೊದಲು ಕೇಳುವುದು ಇದೇ: ಡಾಟ್ 3 ಹಾಕಿಸಲಾ, ಡಾಟ್ 4 ಹಾಕಿಸಲಾ? (ಡಾಟ್ ಅಂದರೆ ಬಾಟಲಿಯ ಮೇಲೆ DOT ಅಂತ ಬರೆದಿರುವ ಬ್ರೇಕ್ ಆಯಿಲ್ ದರ್ಜೆ.) ನನ್ನ ಪ್ರಕಾರ ಇದು ಎರಡನೇ ಪ್ರಶ್ನೆ. ಈಗ ನಿಮ್ಮ ಗಾಡಿಯಲ್ಲಿರುವ ಆಯಿಲ್ ಯಾವ ವರ್ಷದ್ದು? ಮೊದಲು ಅದನ್ನು ಹೇಳಿ. ಎಂಜಿನ್ ಆಯಿಲ್ ಆದರೆ ಕಿಲೋಮೀಟರ್ ಸಮೇತ ಹೇಳುತ್ತೀರಿ. ಬ್ರೇಕ್ ಆಯಿಲ್ ವಿಷಯಕ್ಕೆ ಬಂದರೆ ಎಲ್ಲರೂ ಗಪ್‌ಚುಪ್.

ಈ ಕಾರುಗಳಲ್ಲಿ ಬಳಸುವುದು ಗ್ಲೈಕಾಲ್ ಜಾತಿಯ ದ್ರವ. ಗಾಳಿಯಲ್ಲಿರುವ ತೇವವನ್ನು ಅದು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ಒದ್ದೆಯಾಗುತ್ತದಲ್ಲ, ಹಾಗೆ. ಬ್ರೇಕಿನ ರಬ್ಬರ್ ಪೈಪುಗಳ ಮೂಲಕವೂ ತೇವ ಮೆಲ್ಲಗೆ ಒಳಗೆ ಹೋಗುತ್ತದೆ. ಗಾಡಿ ಓಡಲಿ, ಶೆಡ್ಡಿನಲ್ಲೇ ನಿಂತಿರಲಿ, ಇದು ನಡೆಯುತ್ತಲೇ ಇರುತ್ತದೆ. ಹಾಗಾಗಿ "ನಮ್ಮ ಕಾರು ಜಾಸ್ತಿ ಓಡಿಲ್ಲ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಈಗ ಲೆಕ್ಕ ನೋಡಿ. ಹೊಸ ಡಾಟ್ 3 ಕಡಿಮೆ ಅಂದರೂ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಹೊಸ ಡಾಟ್ 4 ಆದರೆ 230. ಅದರಲ್ಲಿ ಶೇಕಡ 3.7ರಷ್ಟು ನೀರು ಸೇರಿತು ಅಂದುಕೊಳ್ಳಿ. ಆಗ ಈ ಮಿತಿ ಡಾಟ್ 3ಕ್ಕೆ 140, ಡಾಟ್ 4ಕ್ಕೆ 155. ಅಂದರೆ ನೀರು ಕುಡಿದ ಡಾಟ್ 4ಕ್ಕಿಂತ ಈಗಷ್ಟೇ ಸೀಲ್ ಒಡೆದು ಹಾಕಿದ ಡಾಟ್ 3 ಎಷ್ಟೋ ಮೇಲು. 50 ಡಿಗ್ರಿ ವ್ಯತ್ಯಾಸ, ಸಣ್ಣದಲ್ಲ.

ಊರೊಳಗೆ ಓಡಾಡುವಾಗ ಇದು ನಿಮಗೆ ಗೊತ್ತೇ ಆಗುವುದಿಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಐದು ಜನ, ಡಿಕ್ಕಿ ತುಂಬ ಲಗೇಜು, ಚಾರ್ಮಾಡಿ ಘಾಟಿ ಇಳಿಯಲು ಶುರು ಮಾಡುತ್ತೀರಿ. ತಿರುವು ತಿರುವಿಗೂ ಬ್ರೇಕ್. ಡಿಸ್ಕ್ ಕಾಯುತ್ತದೆ, ಅದನ್ನು ಅಮುಕಿ ಹಿಡಿಯುವ ಕ್ಯಾಲಿಪರ್ ಕಾಯುತ್ತದೆ, ಒಳಗಿನ ಆಯಿಲ್ ಕುದಿದು ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನೀವು ತುಳಿದ ಶಕ್ತಿಯೆಲ್ಲ ಆ ಗುಳ್ಳೆ ಅಮುಕುವುದಕ್ಕೇ ಹೋಗುತ್ತದೆ. ಪೆಡಲ್ ಮೆತ್ತಗೆ ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಕೆಟ್ಟ ವಿಷಯ ಏನು ಗೊತ್ತಾ? ಬ್ರೇಕ್ ಪೂರ್ತಿ ಆರಿದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಗಬಹುದು. ಮೆಕ್ಯಾನಿಕ್ ಹತ್ತಿರ ಹೋದರೆ "ಏನೂ ಇಲ್ಲ ಸಾರ್, ಸರಿಯಾಗೇ ಇದೆ" ಅನ್ನುತ್ತಾನೆ. 15 ವರ್ಷ ತುಂಬಿದ ಗಾಡಿಯನ್ನು ಆರ್‌ಟಿಒದಲ್ಲಿ ತೋರಿಸುವಾಗಲೂ ಅಷ್ಟೇ. ಬ್ರೇಕ್ ಅಷ್ಟು ಕಾದಿರುವುದಿಲ್ಲ, ಹಾಗಾಗಿ ಪಾಸಾಗುತ್ತದೆ. ಇನ್ನು ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಘಾಟಿ ಇಳಿಯುವ ಮಹಾನುಭಾವರು ಇದ್ದಾರೆ. ಅವರಿಗೆ ಯಾವ ಡಾಟ್ ಹೇಳಿಯೂ ಪ್ರಯೋಜನವಿಲ್ಲ. ಸೆಕೆಂಡ್ ಗೇರ್ ಹಾಕಿ, ಸ್ವಾಮಿ.

ಆಯ್ಕೆಯ ವಿಷಯ ಬೇಗ ಮುಗಿಯುತ್ತದೆ. ಬಾನೆಟ್ ಒಳಗಿರುವ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ನೋಡಿ, ಗಾಡಿಯ ಜೊತೆ ಬಂದ ಪುಸ್ತಕ ನೋಡಿ. ಡಾಟ್ 3 ಅಂತ ಇದ್ದರೆ ಸಾಮಾನ್ಯವಾಗಿ ಡಾಟ್ 4 ಹಾಕಬಹುದು. ಡಾಟ್ 4 ಅಂತ ಇರುವ ಕಡೆ ಡಾಟ್ 3ಕ್ಕೆ ಇಳಿಯಬೇಡಿ. ಡಾಟ್ 5.1 ಕೂಡ ಗ್ಲೈಕಾಲ್ ಜಾತಿಯದ್ದೇ. ಆದರೆ ಬರೀ ಡಾಟ್ 5 ಅಂದರೆ ಸಿಲಿಕೋನ್, ನಮ್ಮ ಗಾಡಿಯ ಆಯಿಲ್ ಜೊತೆ ಅದು ಬೆರೆಯುವುದಿಲ್ಲ. ಎಂಜಿನ್ ಆಯಿಲ್ಲೋ ಪವರ್ ಸ್ಟೀರಿಂಗ್ ಆಯಿಲ್ಲೋ ಒಂದು ತೊಟ್ಟೂ ಬೀಳಬಾರದು. ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ.

ನನಗೆ ನಿಜವಾಗಿ ಸಿಟ್ಟು ಬರುವುದು ಟಾಪ್ ಅಪ್ ಮೇಲೆ. ಸರ್ವಿಸಿಗೆ ಬಿಟ್ಟರೆ ಡಬ್ಬಿಗೆ ಒಂದಿಷ್ಟು ಸುರಿದು ಮಟ್ಟ ಸರಿ ಮಾಡುತ್ತಾರೆ, ಬಿಲ್ಲಿನಲ್ಲಿ "ಬ್ರೇಕ್ ಆಯಿಲ್" ಅಂತ ಬರೆಯುತ್ತಾರೆ. ನೀವು ಬದಲಾಯಿತು ಅಂದುಕೊಳ್ಳುತ್ತೀರಿ. ನಾಲ್ಕು ಚಕ್ರದ ಹತ್ತಿರ ಇರುವ ಹಳೇ ಆಯಿಲ್ ಅಲ್ಲೇ ಇದೆ, ಅಲ್ವಾ? ಕಾಯುವುದೂ ಅದೇ ಜಾಗ. ಅದೂ ಅಲ್ಲದೆ, ಬ್ರೇಕ್ ಪ್ಯಾಡ್ ಸವೆದಂತೆ ಡಬ್ಬಿಯಲ್ಲಿ ಮಟ್ಟ ಸ್ವಲ್ಪ ಇಳಿಯುವುದು ಸಹಜ. ಅದು ನಿಮಗೆ ಸಿಗುವ ಸುಳಿವು. ಬೇಗ ಬೇಗ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಹಿಂದಿನ ಟೈರಿನ ಒಳಮಗ್ಗುಲು ಒದ್ದೆ ಇದೆಯಾ ಬಗ್ಗಿ ನೋಡಿ, ಡ್ರಮ್ಮಿನೊಳಗಿನ ವೀಲ್ ಸಿಲಿಂಡರ್ ಸೋರುತ್ತಿರಬಹುದು. ಸುಮ್ನೆ ತುಂಬಿಸುತ್ತಾ ಹೋದರೆ ಈ ಎರಡೂ ಸುಳಿವು ಮುಚ್ಚಿಹೋಗುತ್ತವೆ.

ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಪುಸ್ತಕದಲ್ಲಿ ಇನ್ನೂ ಬೇಗ ಅಂತಿದ್ದರೆ ಅದರಂತೆ ಮಾಡಿ. ಬಣ್ಣ ನೋಡಿ ತೀರ್ಮಾನ ಬೇಡ, ತಿಳಿಯಾಗಿ ಕಾಣುವ ಆಯಿಲ್ಲಿನಲ್ಲೂ ನೀರು ಇರುತ್ತದೆ. ನಾಲ್ಕೂ ಚಕ್ರದ ನಿಪ್ಪಲ್ಲಿನಿಂದ (ಆಯಿಲ್ ಹೊರಬಿಡುವ ಸಣ್ಣ ತಿರುಪು) ಹೊಸ ಆಯಿಲ್ ಬರುವವರೆಗೆ ಬ್ಲೀಡ್ ಮಾಡಬೇಕು, ಅಂದರೆ ಪೆಡಲ್ ತುಳಿಯುತ್ತಾ ಹಳೇದನ್ನು ಹೊರಗೆ ತಳ್ಳಬೇಕು. ಸಾಧ್ಯವಾದರೆ ಎದುರಿಗೇ ನಿಂತು ಮಾಡಿಸಿ, ಬಾಟಲಿಯ ಸೀಲ್ ನಿಮ್ಮ ಮುಂದೆಯೇ ಒಡೆಯಲಿ. ಉಳಿದದ್ದನ್ನು ಮುಂದಿನ ಸಲಕ್ಕೆ ಅಂತ ಡಿಕ್ಕಿಯಲ್ಲಿ ಇಡಬೇಡಿ. ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಕಿತ್ತು ಬರುತ್ತದೆ.

ಹಳೇ ಗಾಡಿಗೆ ಇನ್ನೆರಡು ಎಚ್ಚರಿಕೆ. ತುಕ್ಕು ಹಿಡಿದ ನಿಪ್ಪಲ್ಲನ್ನು ಸ್ಪ್ಯಾನರ್ ಹಾಕಿ ಒಮ್ಮೆಗೇ ತಿರುಗಿಸಿದರೆ ಮುರಿಯುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಲಿ. ಎರಡನೆಯದು, ಬ್ಲೀಡ್ ಮಾಡುವಾಗ ಪೆಡಲ್ಲನ್ನು ನೆಲಕ್ಕೆ ತಾಗುವಂತೆ ತುಳಿಯಬಾರದು. ಪೆಡಲ್ ತುಳಿದಾಗ ಆಯಿಲ್ಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರಿನಲ್ಲಿ ದಿನಾ ಸೀಲ್ ಓಡಾಡದ ಜಾಗದಲ್ಲಿ ಗಸಿ, ತುಕ್ಕು ಕೂತಿರುತ್ತದೆ. ಅಲ್ಲಿಗೆ ಹೋದ ಸೀಲ್ ಹರಿಯಬಹುದು. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟರೆ ಸಾಕು.

ಕೆಲಸ ಆದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಗಾಡಿ ನಿಂತಲ್ಲೇ ಬ್ರೇಕ್ ಒತ್ತಿ ಹಿಡಿಯಿರಿ. ಮೊದಲು ಒಂಚೂರು ಇಳಿದು ನಿಂತರೆ ಅದು ನಿಮ್ಮ ತುಳಿತಕ್ಕೆ ಬಲ ಕೂಡಿಸುವ ಬೂಸ್ಟರಿನದ್ದು, ಸರಿ. ಹಿಡಿದೇ ಇದ್ದರೂ ಪೆಡಲ್ ಮೆಲ್ಲಗೆ ಕೆಳಕ್ಕೆ ಜಾರುತ್ತಾ ಹೋದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಕೈಕೊಟ್ಟಿದೆ. ಅದಕ್ಕೆ ಇನ್ನೊಂದು ಬಾಟಲಿ ಆಯಿಲ್ ತರಬೇಡಿ. ರಿಪೇರಿ ಆಗುವವರೆಗೆ ಗಾಡಿ ಗ್ಯಾರೇಜಿನಲ್ಲೇ ಇರಲಿ, ನೀವು ಆಟೊ ಹಿಡಿದು ಮನೆಗೆ ಹೋಗಿ.