ಗ್ರಂಥಗಳಿಗಾಗಿ ಎದ್ದ ಗೋಪುರಗಳು: ಶಿಯಾನ್ ನಗರದ ಬೌದ್ಧ ದೇವಾಲಯಗಳು

[ದೃಶ್ಯ: ಮೆಟ್ರೋ ನಿಲ್ದಾಣದ ಹೊರಗೆ, ಅಂಗಡಿ ಸಾಲುಗಳ ಆಚೆ ಕಾಣುವ ಗೋಪುರ]

ನಮಸ್ಕಾರ. ವಾಯವ್ಯ ಚೀನಾದ ಶಿಯಾನ್ ನಗರದಲ್ಲಿ ಮೆಟ್ರೋ ಇಳಿದು ‘ದಾಯಾನ್‌ತಾ’ ನಿಲ್ದಾಣದಿಂದ ಹೊರಬಂದರೆ, ಸುಮಾರು 64 ಮೀಟರ್ ಎತ್ತರದ, ಏಳು ಅಂತಸ್ತಿನ ಇಟ್ಟಿಗೆಯ ಗೋಪುರವೊಂದು ಕಾಣುತ್ತದೆ. ಅದರ ಉತ್ತರದ ಚೌಕದಲ್ಲಿರುವ ಸಂಗೀತ ಕಾರಂಜಿಯನ್ನು ನೋಡಿ ಹಿಂದಿರುಗಿದವರಿಗೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ, ಏಕೆಂದರೆ ಈ ಗೋಪುರವನ್ನು ಕಟ್ಟಿಸಿದ್ದೇ ಭಾರತದಿಂದ ತಂದ ಗ್ರಂಥಗಳನ್ನೂ ಬುದ್ಧಮೂರ್ತಿಗಳನ್ನೂ ಕಾಪಾಡುವುದಕ್ಕಾಗಿ.

ಅವುಗಳನ್ನು ತಂದವನು ನಾವೆಲ್ಲ ಶಾಲೆಯ ಇತಿಹಾಸ ಪಾಠದಲ್ಲಿ ಓದಿದ ಹ್ಯೂಯೆನ್ ತ್ಸಾಂಗ್. ಆಗ ಚಾಂಗಾನ್ ಎಂದು ಕರೆಯಲಾಗುತ್ತಿದ್ದ ಈ ನಗರಕ್ಕೆ ಅವನು 645ರಲ್ಲಿ 657 ಗ್ರಂಥಗಳನ್ನು ಕುದುರೆಗಳ ಮೇಲೆ ಹೇರಿಕೊಂಡು ಮರಳಿದನು. ಯುವರಾಜನು ತನ್ನ ತಾಯಿಯ ನೆನಪಿಗಾಗಿ 648ರಲ್ಲಿ ಕಟ್ಟಿಸಿದ ದಾ ಸಿಎನ್ ದೇವಾಲಯದಲ್ಲಿ ಅನುವಾದ ಕಾರ್ಯ ಮುಂದುವರಿಯಿತು. ಗೋಪುರ ಎದ್ದದ್ದು 652ರಲ್ಲಿ. ಆ ಮೊದಲ ಕಟ್ಟಡ ಹೆಚ್ಚು ಕಾಲ ಬಾಳಲಿಲ್ಲ. ಈಗಿರುವುದು 8ನೇ ಶತಮಾನದ ಆರಂಭದಲ್ಲಿ ಮತ್ತೆ ಕಟ್ಟಿದ್ದು.

[ದೃಶ್ಯ: ದಕ್ಷಿಣ ದ್ವಾರದ ಎರಡು ಶಿಲಾಶಾಸನಗಳು]

ಮೇಲೇರುವ ಮುನ್ನ ದಕ್ಷಿಣ ದ್ವಾರದ ಎರಡು ಬದಿಯ ಗೂಡುಗಳ ಮುಂದೆ ನಿಲ್ಲಬೇಕು. 653ರ ಈ ಜೋಡಿ ಶಾಸನಗಳಲ್ಲಿ ಒಂದು ಬಲದಿಂದ ಎಡಕ್ಕೂ ಇನ್ನೊಂದು ಎಡದಿಂದ ಬಲಕ್ಕೂ ಸಾಗುತ್ತವೆ. ಚಕ್ರವರ್ತಿ ಮತ್ತು ಯುವರಾಜ ಬರೆದ ಪ್ರಶಂಸೆಯ ಬರಹಗಳ ಈ ಅಕ್ಷರಗಳು ಚೂ ಸುಯಿಲ್ಯಾಂಗ್ ಎಂಬ ಲಿಪಿಕಾರನ ಕೈಬರಹದವು. ಚೀನೀ ಭಾಷೆ ಬಾರದವರಿಗೂ ಆ ಗೆರೆಗಳ ಚೆಲುವು ಕಾಣುತ್ತದೆ.

‘ದಾಯಾನ್‌ತಾ’ ಎಂದರೆ ದೊಡ್ಡ ಹಂಸಗೋಪುರ. ಹ್ಯೂಯೆನ್ ತ್ಸಾಂಗ್ ಮಗಧದಲ್ಲಿ ಕೇಳಿದ ಕಥೆಯೊಂದರಲ್ಲಿ, ಊಟಕ್ಕೆ ಮಾಂಸ ಸಿಗದ ಭಿಕ್ಷುವೊಬ್ಬನು ಹಾರುವ ಹಂಸಗಳನ್ನು ನೋಡಿ ತಮಾಷೆಯ ಮಾತಾಡಿದಾಗ, ಹಂಸವೊಂದು ಅವನ ಮುಂದೆಯೇ ಬಿದ್ದು ಸತ್ತಿತಂತೆ. ನಾಚಿದ ಭಿಕ್ಷುಗಳು ಅದನ್ನು ಹೂಳಿ ಸ್ತೂಪ ಕಟ್ಟಿದರಂತೆ. ಗೋಪುರದ ಹೆಸರಿಗೆ ಈ ಕಥೆಯೇ ಮೂಲವೆಂದು ಸಾಮಾನ್ಯವಾಗಿ ಹೇಳುತ್ತಾರೆ.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ನಂಟಿದೆ. ಇದೇ ನಗರದಲ್ಲಿ 646ರಲ್ಲಿ ಸಿದ್ಧವಾದ ಅವನ ಪ್ರವಾಸಕಥನದಲ್ಲಿ ಬಾದಾಮಿಯ ಇಮ್ಮಡಿ ಪುಲಕೇಶಿಯ ವರ್ಣನೆ ಬರುತ್ತದೆ. ಹರ್ಷನಿಗೂ ಮಣಿಯದ ಆ ರಾಜ್ಯದಲ್ಲಿ ಯುದ್ಧಕ್ಕೆ ಮುನ್ನ ಆನೆಗಳಿಗೂ ಮದ್ಯ ಕುಡಿಸುತ್ತಿದ್ದರೆಂದು ಅವನು ಬರೆದಿದ್ದಾನೆ.

[ದೃಶ್ಯ: ಮರಗಳ ನಡುವೆ ಸಣ್ಣ ಹಂಸಗೋಪುರ]

ನಗರದ ಇನ್ನೊಂದು ಭಾಗದಲ್ಲಿರುವ ಸಣ್ಣ ಹಂಸಗೋಪುರವೇ ನನಗೆ ಹೆಚ್ಚು ಪ್ರಿಯವಾದದ್ದು. ಕಡಲ ಮಾರ್ಗವಾಗಿ ಭಾರತಕ್ಕೆ ಬಂದು ನಾಲಂದಾದಲ್ಲಿ ಕಲಿತ ಇತ್ಸಿಂಗ್ ತಂದ ಗ್ರಂಥಗಳೊಂದಿಗೆ ಬೆಸೆದುಕೊಂಡಿರುವ, 707ರಿಂದ 709ರ ನಡುವೆ ಕಟ್ಟಿದ ಈ ಗೋಪುರಕ್ಕೆ ಮೊದಲು 15 ಅಂತಸ್ತುಗಳಿದ್ದವು. ಭೂಕಂಪಗಳ ನಂತರ ಉಳಿದಿರುವುದು 13. 1487ರ ಭೂಕಂಪದಲ್ಲಿ ಮೇಲಿಂದ ಕೆಳಗಿನವರೆಗೆ ಸೀಳಿದ ಗೋಪುರ, 1521ರ ಭೂಕಂಪದಲ್ಲಿ ಮತ್ತೆ ಕೂಡಿಕೊಂಡಿತೆಂದು ಅಲ್ಲಿನ ಬಾಗಿಲ ಮೇಲಿನ ಶಾಸನ ದಾಖಲಿಸಿದೆ. ಎರಡೂ ಗೋಪುರಗಳು 2014ರಿಂದ ರೇಷ್ಮೆ ಮಾರ್ಗದ ಭಾಗವಾಗಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ.

[ದೃಶ್ಯ: ಶ್ಯಾವ್‌ಜಾಯ್ ಮಾಲ್‌ಗಳು, ನಂತರ ಧೂಪದ ಹೊಗೆ]

ಕೊನೆಗೆ, ಶ್ಯಾವ್‌ಜಾಯ್ ನಿಲ್ದಾಣದ ಮಾಲ್‌ಗಳ ಸಮೀಪದಲ್ಲೇ ಇರುವ ದಾ ಶಿಂಗ್‌ಶಾನ್ ದೇವಾಲಯಕ್ಕೆ ಹೋಗಬೇಕು. 8ನೇ ಶತಮಾನದಲ್ಲಿ ಇದು ಮಂತ್ರ, ವಿಧಿಗಳಿಗೆ ಒತ್ತು ಕೊಡುವ ತಾಂತ್ರಿಕ ಬೌದ್ಧಮತದ ಕೇಂದ್ರವಾಗಿತ್ತು; ದಕ್ಷಿಣ ಭಾರತದಿಂದ ಕಡಲು ದಾಟಿ ಬಂದ ವಜ್ರಬೋಧಿಯ ಶಿಷ್ಯ ಅಮೋಘವಜ್ರನು ಇಲ್ಲಿ ನೆಲೆಸಿ ಗ್ರಂಥಗಳನ್ನು ಚೀನೀ ಭಾಷೆಗೆ ತಂದನು. ಮಂತ್ರಗಳನ್ನು ಮಾತ್ರ ಅನುವಾದಿಸದೆ ಅವುಗಳ ಧ್ವನಿಯನ್ನೇ ಚೀನೀ ಅಕ್ಷರಗಳಲ್ಲಿ ಬರೆದಿಡುವುದು ಆ ಅನುವಾದಕರ ಪದ್ಧತಿಯಾಗಿತ್ತು. ಆದ್ದರಿಂದ ಚೀನೀ ದೇವಾಲಯಗಳ ನಿತ್ಯಪಾರಾಯಣದಲ್ಲಿ ಪ್ರಜ್ಞಾಪಾರಮಿತಾ ಹೃದಯ ಸೂತ್ರದ ಕೊನೆಗೆ ಕೇಳಿಬರುವ ‘ಜಿಯೆದೀ ಜಿಯೆದೀ’ ಎಂಬ ಧ್ವನಿಗೆ ಕಿವಿಗೊಟ್ಟರೆ, ಅದು ಸಂಸ್ಕೃತ ಮಂತ್ರದ ‘ಗತೇ ಗತೇ’ ಎಂದು ನಮಗೆ ತಿಳಿಯುತ್ತದೆ.