ಕಾಲುವೆ ದಂಡೆಯ ಕಾಲೇಜು

ಎಲ್ಲರಿಗೂ ನಮಸ್ಕಾರ.

ಇಂಜಿನಿಯರ್‌ಗಳ ದಿನಕ್ಕೆ ಹುಬ್ಬಳ್ಳಿಗೆ ಕರೆಸಿ, ಉತ್ತರಾಖಂಡದ ರೂರ್ಕಿಯ ಇಂಜಿನಿಯರಿಂಗ್ ಕಾಲೇಜಿನ ಬಗ್ಗೆ ಮಾತಾಡಿ ಅಂದಿದ್ದೀರಿ. ವಿಶ್ವೇಶ್ವರಯ್ಯನವರು ಓದಿದ್ದು ಪುಣೆಯಲ್ಲಿ, ರೂರ್ಕಿಯಲ್ಲಿ ಅಲ್ಲ. ಆದರೂ ನೀರಾವರಿ ಕೆಲಸದಲ್ಲೇ ಕೂದಲು ಬೆಳ್ಳಗಾದ ನನಗೆ ಆ ಊರಿನ ಮೇಲೆ ಜಾಸ್ತಿ ಪ್ರೀತಿ. ಯಾಕಂದ್ರೆ ಅಲ್ಲಿ ಕಾಲುವೆ ಕೆಲಸ ಮೊದಲು ಬಂತು, ಕಾಲೇಜು ಆಮೇಲೆ.

ನಮ್ಮ ಹಿರಿಯರು ಡೋಗಿ ಬರದ, ಅಂದರೆ ತಲೆಬುರುಡೆ ಬರದ ಕಥೆ ಹೇಳುತ್ತಿದ್ದರಲ್ವಾ, ಅಂಥದ್ದೇ ಬರ 1837-38ರಲ್ಲಿ ಗಂಗಾ ಯಮುನಾ ನಡುವಿನ ಸೀಮೆಗೆ ಬಿತ್ತು. ಸತ್ತವರು ಸುಮಾರು 8 ಲಕ್ಷ ಎಂಬ ಅಂದಾಜಿದೆ. ಹರಿದ್ವಾರದಿಂದ ಗಂಗೆಯ ನೀರು ತಿರುಗಿಸುವ ಕಾಲುವೆಗೆ ಒಪ್ಪಿಗೆ ಸಿಕ್ಕಿದ್ದು ಅದರ ನಂತರ. 1842ರಲ್ಲಿ ಅಗೆತ ಶುರುವಾಯಿತು. ಮುಂದೆ ನಿಂತವರು ಪ್ರೋಬಿ ಕಾಟ್ಲಿ. ಅವರು ಸೇನೆಯ ಫಿರಂಗಿ ದಳದ ಅಧಿಕಾರಿ. ಕಾಲುವೆ ಕೆಲಸವನ್ನು ಕಾಲುವೆಯ ಮೇಲೆಯೇ ಕಲಿತವರು.

ರೂರ್ಕಿ ಹತ್ತಿರ ಸೋಲಾನಿ ನದಿ ಅಡ್ಡ ಬಂತು. ಅದರ ಮೇಲೆ ಕಮಾನು ಕಟ್ಟಿ ಕಾಲುವೆಯನ್ನೇ ದಾಟಿಸಬೇಕು. 50 ಅಡಿ ಅಗಲದ 15 ಕಮಾನುಗಳು. ಇಟ್ಟಂಗಿ ಅಲ್ಲೇ ಸುಡಬೇಕು, ಗಾರೆ ಅಲ್ಲೇ ಅರೆಯಬೇಕು. ಮಣ್ಣು ಸಾಗಿಸಲು 1851ರ ಡಿಸೆಂಬರ್‌ನಲ್ಲಿ ಉಗಿಬಂಡಿಯನ್ನೇ ಓಡಿಸಿದರು. ಮುಂಬೈ-ಠಾಣೆ ರೈಲು ಓಡಿದ್ದು 1853ರಲ್ಲಿ! ರೈಲ್ವೆ ವರ್ಕ್‌ಶಾಪ್ ಇರುವ ನಮ್ಮ ಊರಿನವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಇಷ್ಟು ದೊಡ್ಡ ಕೆಲಸಕ್ಕೆ ಲೆವೆಲ್ ಹಿಡಿದು ನೆಲದ ಏರುತಗ್ಗು ಅಳೆಯುವವರು, ನಕ್ಷೆ ಬರೆಯುವವರು, ಗೌಂಡಿಗಳ ಮೇಲೆ ಕಣ್ಣಿಡುವ ಓವರ್‌ಸಿಯರ್‌ಗಳು ಎಲ್ಲಿಂದ ಬರಬೇಕು? ಆ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಜೇಮ್ಸ್ ಥಾಮಸನ್ 1847ರಲ್ಲಿ ಅಲ್ಲೇ ಕಾಲೇಜು ತೆರೆಸಿದರು. ಮದ್ರಾಸಿನ ಸರ್ವೆ ಶಾಲೆ 1794ರದ್ದು, ನಿಜ. ಆದರೆ ಪೂರ್ತಿ ಇಂಜಿನಿಯರಿಂಗ್ ಕಲಿಸಲಿಕ್ಕೆ ಅಂತಲೇ ಹುಟ್ಟಿದ್ದು ರೂರ್ಕಿಯೇ.

ಅಲ್ಲಿ ಮೂರು ವಿಭಾಗ ಇದ್ದವು. ಮೇಲಿನದು ಇಂಜಿನಿಯರ್‌ಗಳಿಗೆ. ನಡುವಿನದು ಗೋರಾ ಸಿಪಾಯಿಗಳನ್ನು ಓವರ್‌ಸಿಯರ್ ಮಾಡಲು. ಕೆಳಗಿನದರಲ್ಲಿ ಸ್ಥಳೀಯ ಹುಡುಗರಿಗೆ ಸರ್ವೆ, ಲೆವೆಲಿಂಗ್, ನಕ್ಷೆ ಕಲಿಸುತ್ತಿದ್ದರು, ಅದೂ ಅವರದೇ ಹಿಂದೂಸ್ತಾನಿಯಲ್ಲಿ. ನಮ್ಮ ಜನರನ್ನು ಕೆಳಗೆ ಕೂರಿಸಿದ ಏರ್ಪಾಡು ಅದು, ಅದನ್ನು ನಾನು ಹೊಗಳಲಾರೆ. ಆದರೆ ಇಳಿಜಾರಿನ ಲೆಕ್ಕವನ್ನು ಮನೆಮಾತಿನಲ್ಲಿ ಹೇಳಿಕೊಟ್ಟರಲ್ಲ, ಅದು ದೊಡ್ಡದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮಗೆ ಕೊಟ್ಟ ಸೂಚನೆಯೆಲ್ಲ ಇಂಗ್ಲಿಷಿನಲ್ಲಿತ್ತು. ಗೌಂಡಿಗೆ ಅದು ತಿಳಿಯಲಿಲ್ಲ, ಕೇಳಲು ಅವನಿಗೆ ಸಂಕೋಚ. ಒಂದು ತೂಬನ್ನು ಇರಬೇಕಾದ್ದಕ್ಕಿಂತ ಗೇಣು ಎತ್ತರಕ್ಕೆ ಕೂರಿಸಿಬಿಟ್ಟ. ಆ ವರ್ಷ ಕೆಳಗಿನ ಹೊಲಕ್ಕೆ ನೀರು ಸರಿಯಾಗಿ ಹೋಗಲಿಲ್ಲ. ಆ ರೈತನ ಮುಖ ನನಗೆ ಇವತ್ತಿಗೂ ನೆನಪಿದೆ.

ಥಾಮಸನ್ 1853ರಲ್ಲಿ ತೀರಿಕೊಂಡರು. 1854ರ ಏಪ್ರಿಲ್‌ನಲ್ಲಿ ಕಾಲುವೆಗೆ ನೀರು ಬಿಟ್ಟಾಗ ಅವರು ಇರಲಿಲ್ಲ. ಅದೇ ವರ್ಷ ಕಾಲೇಜಿಗೆ ಅವರ ಹೆಸರಿಟ್ಟರು.

ಕಾಲುವೆಯಲ್ಲಿ ತಪ್ಪೂ ಇತ್ತು. ಇಳಿಜಾರು ಜಾಸ್ತಿ ಆಗಿತ್ತು. ನೀರಿನ ರಭಸಕ್ಕೆ ತಳದ ಮಣ್ಣು ಕೊಚ್ಚಿತು. ದೋಣಿಗಳು ಹರಿವಿಗೆ ಎದುರಾಗಿ ಬರುವುದು ಕಷ್ಟವಾಯಿತು. ಆಮೇಲೆ ತಿದ್ದಿ ಕಟ್ಟಬೇಕಾಯಿತು. ಇದನ್ನು ಮುಚ್ಚಿಟ್ಟು ಬರೀ ಕಮಾನುಗಳನ್ನು ಹೊಗಳಿದರೆ ನಿಮಗೆ ಅರ್ಧ ಪಾಠ ಮಾತ್ರ ಹೇಳಿದಂತೆ.

ತಪ್ಪಿನಿಂದ ಪಾಠ ತೆಗೆದ ಇನ್ನೊಬ್ಬರು ರೂರ್ಕಿಯಲ್ಲೇ ಓದಿದ ಇಂಜಿನಿಯರ್ ಎ. ಎನ್. ಖೋಸ್ಲಾ. ನಿಮ್ಮ ನೀರಾವರಿ ಪುಸ್ತಕದಲ್ಲಿ 'ಖೋಸ್ಲಾ ಸಿದ್ಧಾಂತ' ಇದೆ, ಪರೀಕ್ಷೆಗೆ ಬಾಯಿಪಾಠ ಮಾಡಿರುತ್ತೀರಿ. ಕಟ್ಟಡದ ತಳದ ಕೆಳಗೆ ಜಿನುಗುವ ನೀರು ಎಷ್ಟು ಒತ್ತುತ್ತದೆ ಎಂಬ ಲೆಕ್ಕ ಅದು. ಅದು ಹುಟ್ಟಿದ್ದು ಅಂದಿನ ಪಂಜಾಬಿನ ಅಪ್ಪರ್ ಚೆನಾಬ್ ಕಾಲುವೆಯಲ್ಲಿ. ಅಲ್ಲಿ ಕಾಲುವೆಯೂ ಹಳ್ಳವೂ ಒಂದರ ಕೆಳಗೊಂದು ದಾಟುವ ಸೈಫನ್ ಕಟ್ಟಡಗಳಿಗೆ ತೊಂದರೆ ಬಂದಿತ್ತು. ಅವುಗಳ ತಳದ ಕೆಳಗೆ ಕೊಳವೆ ಇಳಿಸಿ ನೀರಿನ ಒತ್ತಡ ಅಳೆದರು. ಬ್ಲೈ ಎಂಬ ಇಂಜಿನಿಯರ್ ಕೊಟ್ಟಿದ್ದ ಹಳೆಯ ಲೆಕ್ಕಕ್ಕೂ ಕೊಳವೆ ತೋರಿಸಿದ್ದಕ್ಕೂ ತಾಳೆಯೇ ಆಗಲಿಲ್ಲ. ಖೋಸ್ಲಾ ಕೊಳವೆಯನ್ನು ನಂಬಿದರು. ಮುಂದೆ 1954ರಿಂದ 1959ರವರೆಗೆ ರೂರ್ಕಿಗೆ ಕುಲಪತಿಯಾದರು. 1949ರಲ್ಲೇ ಅದು ವಿಶ್ವವಿದ್ಯಾಲಯ ಆಗಿತ್ತು, ಸ್ವತಂತ್ರ ಭಾರತದ ಮೊದಲ ಇಂಜಿನಿಯರಿಂಗ್ ವಿಶ್ವವಿದ್ಯಾಲಯ. ಐಐಟಿ ಆಗಿದ್ದು 2001ರ ಸೆಪ್ಟೆಂಬರ್ 21ರಂದು.

1955ರಲ್ಲಿ ಅಲ್ಲಿ ಜಲಸಂಪನ್ಮೂಲ ತರಬೇತಿ ಕೇಂದ್ರ ಬಂತು. ಏಷ್ಯಾ, ಆಫ್ರಿಕಾ ದೇಶಗಳ ಕೆಲಸದಲ್ಲಿರುವ ಇಂಜಿನಿಯರ್‌ಗಳೂ ಬಂದು ಕಲಿತರು. 1960ರಲ್ಲಿ ಭೂಕಂಪ ಇಂಜಿನಿಯರಿಂಗ್ ಶಾಲೆ ಶುರುವಾಯಿತು. ಅದನ್ನು ಬೆಳೆಸಿದವರು ಜೈಕೃಷ್ಣ. ಏಳು ವರ್ಷದಲ್ಲೇ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಸೀಮೆ ಭೂಕಂಪಕ್ಕೆ ನಡುಗಿತು. ಆ ಓದು ಎಷ್ಟು ಬೇಕಾಗಿತ್ತು ಅಂತ ಆಗ ಎಲ್ಲರಿಗೂ ಗೊತ್ತಾಯಿತು. ಇವತ್ತು ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆ ಇರುವುದೂ ರೂರ್ಕಿಯಲ್ಲೇ, ಅದರ ಒಂದು ಕೇಂದ್ರ ನಮ್ಮ ಬೆಳಗಾವಿಯಲ್ಲಿದೆ.

ಈಗ ನಮ್ಮ ಕಡೆ ಬರೋಣ. ಇಲ್ಲಿ ಬಿ.ವಿ.ಬಿ. ಕಾಲೇಜು 1947ರಲ್ಲಿ ಶುರುವಾಯಿತು, ರೂರ್ಕಿಗಿಂತ ನೂರು ವರ್ಷ ಕಿರಿಯದು. 2016ರಲ್ಲಿ ಧಾರವಾಡ ಐಐಟಿ ಮೊದಲು ಪಾಠ ನಡೆಸಿದ್ದು ವಾಲ್ಮಿ ಆವರಣದಲ್ಲಿ. ವಾಲ್ಮಿ ಅಂದರೆ ನೆಲ ಮತ್ತು ನೀರಿನ ಸಂಸ್ಥೆ. ಇದನ್ನು ನೆನೆದಾಗಲೆಲ್ಲ ನನಗೆ ಸಂತೋಷ ಆಗುತ್ತದೆ.

ನಮಗೂ ಕಾಲುವೆ ಇದೆ, ಮಲಪ್ರಭಾ ಬಲದಂಡೆ. ನರಗುಂದ, ನವಲಗುಂದದ ಎರೆ ಭೂಮಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಕಾಲುವೆಯ ಲೈನಿಂಗ್, ಅಂದರೆ ಒಳಮೈಗೆ ಹಾಕಿದ ಹೊದಿಕೆ, ಒಡೆದುಹೋಗುತ್ತದೆ. ಮುಂಬೈ ಐಐಟಿಯ ಆರ್. ಕೆ. ಕಟ್ಟಿಯವರು ಎರೆ ಮಣ್ಣಿಗೂ ಲೈನಿಂಗಿಗೂ ನಡುವೆ ಉಬ್ಬದ, ಅಂಟುಳ್ಳ ಮಣ್ಣಿನ ಪದರ ಹಾಕುವ ದಾರಿ ತೋರಿಸಿದರು. ಸುಮ್ನೆ ಕೇಳಿದರೆ ಇದು ತಿಳಿಯುವುದಿಲ್ಲ. ಬಿರಿದ ಲೈನಿಂಗಿನ ಸಂದಿಯಲ್ಲಿ ಕೈಯಿಟ್ಟು ನೋಡಬೇಕು.

ಬರುವ ಭಾನುವಾರ ನಾನು ನವಲಗುಂದದ ಕಡೆ ಹೊರಟಿದ್ದೇನೆ. ನೆಲದ ಏರುತಗ್ಗು ನೋಡುವ ಹಳೆಯ ಡಂಪಿ ಲೆವೆಲ್, ಅದರ ಅಳತೆ ಕೋಲು ಸ್ಟಾಫ್ ನನ್ನ ಹತ್ತಿರ ಇವೆ. ಬೆಳಿಗ್ಗೆ 7ಕ್ಕೆ ಕಾಲೇಜು ಗೇಟಿನ ಮುಂದೆ ನಿಂತಿರುತ್ತೇನೆ. ಬರುವವರು ಬುತ್ತಿ ಕಟ್ಟಿಕೊಂಡು ಬನ್ನಿ, ರೀಡಿಂಗ್ ಬರೆಯಲು ಒಂದು ನೋಟ್‌ಬುಕ್ಕೂ ಇರಲಿ.